ಪಂಕಜಾಕ್ಷಮ್ಮನವರ ಬದಲಿ

ಸೋಮಾರಿತನದಲ್ಲಿ ನನ್ನನ್ನು ಮೀರಿಸುವವರು ಆಗ ನಮ್ಮೂರಲ್ಲಿ ಯಾರೂ ಇರಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ನಾನು ಕಂಡಕ್ಟರಾಗಿದ್ದ ಮೋಟಾರು ಕಂಪನಿಯೇ ಒಪ್ಪಿಕೊಂಡಿದ್ದ ಮಾತಿದು. ಟಿಕೆಟ್ ಹರಿಯುತ್ತ ಹರಿಯುತ್ತ ನಿಂತಲ್ಲೇ ನಿದ್ದೆ ಹೋಗುವ ವಿದ್ಯೆ ನನಗೆ ಒಲಿದಿತ್ತು. ಒಮ್ಮೆ ಮದುವೆ ದಿಬ್ಬಣವೊಂದು ನಾನು ಸೀಟಿ ಊದುತ್ತೇನೆಂದು ನಂಬಿ ಕೂತು, ಇಳಿಯಬೇಕಾದ ಊರು ಬಿಟ್ಟು ಮೂರು ಊರು ಮುಂದೆ ಹೋಗಿ ಇಳಿದಿತ್ತು. ಆ ಮದುಮಗ ಈಗಲೂ ನನ್ನನ್ನು ಕಂಡರೆ ಹಲ್ಲು ಕಡಿಯುತ್ತಾನೆ. ಅವನ ಹೆಂಡತಿ ಮಾತ್ರ ನಗುತ್ತಾಳೆ.

ಹೀಗಿರುವಾಗ ಒಂದು ಬೆಳಿಗ್ಗೆ ಕಂಪನಿಯ ಸಾಹುಕಾರರು ನನಗೆ ಹೇಳಿ ಕಳಿಸಿದರು. ಕೆಲಸದಿಂದ ತೆಗೆಯುತ್ತಾರೆಂದುಕೊಂಡು ಹೋದರೆ ಅವರ ಮುಖದಲ್ಲಿ ನಗು.

"ಬಾರಯ್ಯ ಸಣ್ಣೀರಪ್ಪ. ನಿನಗೇ ಅಂತ ಹೇಳಿ ಮಾಡಿಸಿದ ಕೆಲಸ ಬಂದದೆ. ಒಂದು ಮನೆಗೆ ಹೋಗಿ ಬೆಳಗಿಂದ ಸಂಜೆಗಂಟ ಏನೂ ಮಾಡ್ದೆ ಕೂತ್ಕೊಂಡು ಬರ್ಬೇಕು."

"ಊಟ ಯಾರು ಕೊಡ್ತಾರೆ ಸಾಹುಕಾರ್ರೇ?"

"ಬುತ್ತಿ ಕಟ್ಕೊಂಡು ಹೋಗು. ಬುತ್ತಿ ಬಿಚ್ಚೋದು ಬಿಟ್ಟು ಬೇರೆ ಒಂದು ಕಡ್ಡಿ ಎತ್ತಿಟ್ರೂ ಕೆಲಸದಿಂದ ತೆಗೀತೀನಿ."

ಆ ಮನೆ ಸರ್ವೇಯರ್ ಗುರುಸಿದ್ದಪ್ಪನವರದು. ಹದಿನೈದು ದಿನಗಳ ಹಿಂದೆ ಅವರ ಹೆಂಡತಿ ಪಂಕಜಾಕ್ಷಮ್ಮ ಹಿಟ್ಟಿನ ಗಿರಣಿಯಿಂದ ಬರುತ್ತಿದ್ದಾಗ ನಮ್ಮ ಕಂಪನಿಯ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯದೆ ನುಗ್ಗಿ ಅವರ ಜೀವ ತೆಗೆದಿತ್ತು. ಆ ಬಸ್ಸಿನಲ್ಲಿ ನಾನಿರಲಿಲ್ಲ. ಇದ್ದಿದ್ದರೂ ನಿದ್ದೆಯಲ್ಲೇ ಇರುತ್ತಿದ್ದೆ.

ನಮ್ಮೂರಲ್ಲಿ ಒಬ್ಬರ ಗಾಡಿಯಿಂದ ಇನ್ನೊಬ್ಬರ ಜೀವ ಹೋದರೆ ದುಡ್ಡಿನ ಮಾತಿಲ್ಲ. ಸತ್ತವರು ಏನೇನು ಮಾಡುತ್ತಿದ್ದರೋ ಅದನ್ನೆಲ್ಲ ಮಾಡಲು ಗಾಡಿಯವರು ಬದಲಿ ಜನ ಕಳಿಸಬೇಕು. ಮನೆಯ ಕಿರಿಯ ಕೂಸಿಗೆ ಹದಿನೆಂಟು ತುಂಬುವವರೆಗೆ ಆ ಬದಲಿಗಳು ಬರುತ್ತಲೇ ಇರಬೇಕು. ಕ್ಷೌರದ ಅಂಗಡಿಯವನು ಲಾರಿಗೆ ಸಿಕ್ಕಿ ಹೋದಾಗ ಲಾರಿಯ ಕ್ಲೀನರ್ ಬಂದು ಕತ್ತರಿ ಹಿಡಿದ. ಒಂದು ವರ್ಷ ನಮ್ಮೂರಿನ ಗಂಡಸರೆಲ್ಲ ತಲೆಗೆ ಟವೆಲ್ ಸುತ್ತಿಕೊಂಡು ಓಡಾಡಿದೆವು. ಆಮೇಲೆ ಅವನ ಕೈ ಕುದುರಿತು. ನಾದಸ್ವರದವನ ಬದಲಿಗೆ ಬಂದ ಟ್ರ್ಯಾಕ್ಟರ್ ಮಾಲೀಕ ಮಾತ್ರ ಕೊನೆಯವರೆಗೂ ಒಂದೇ ಸ್ವರ ಊದಿದ. ಊರು ಅದಕ್ಕೂ ಹೊಂದಿಕೊಂಡಿತು, ಆ ಒಂದು ಸ್ವರ ಕೇಳಿದರೆ ತಾಳಿ ಕಟ್ಟುವ ಹೊತ್ತಾಯಿತು ಅಂತ ಅರ್ಥ.

ಸತ್ತವರ ಕೆಲಸ ಯಾವುದು ಎಂದು ಬರೆದುಕೊಳ್ಳಲು ನ್ಯಾಯಕಚೇರಿಯ ಗುಮಾಸ್ತ ಮೂರನೆಯ ದಿನ ಮನೆಗೆ ಬರುತ್ತಾನೆ. ಮನೆಯ ಯಜಮಾನರ ಬಾಯಿಂದ ಬಂದದ್ದೇ ಬರಹ. ಗುರುಸಿದ್ದಪ್ಪನವರು ಅವತ್ತು ಗೋಡೆಗೊರಗಿ ಕೂತಿದ್ದರಂತೆ. "ನಿಮ್ಮ ಮನೆಯವರು ಏನು ಮಾಡ್ತಿದ್ರು?" ಎಂದು ಗುಮಾಸ್ತ ಕೇಳಿದ. ಇವರು ತಲೆ ಎತ್ತದೆ, "ಏನೂ ಇಲ್ಲಪ್ಪ, ಮನೇಲಿದ್ಲು" ಎಂದರು. ನಮ್ಮೂರಿನ ಯಾವ ಗಂಡಸನ್ನು ಕೇಳಿದ್ದರೂ ಅದೇ ಉತ್ತರ ಬರುತ್ತಿತ್ತು, ನನ್ನನ್ನೂ ಸೇರಿಸಿ. ಗುಮಾಸ್ತ ಕೆಲಸದ ಕಾಲಮ್ಮಿನಲ್ಲಿ "ಏನೂ ಇಲ್ಲ" ಎಂದು ಬರೆದು ಮೊಹರು ಒತ್ತಿದ. ಹಾಗಾಗಿ ಏನೂ ಮಾಡದಿರಲು ಒಬ್ಬ ಬದಲಿ ಬೇಕಾಯಿತು. ಸಾಹುಕಾರರಿಗೆ ಹುಡುಕುವ ಕಷ್ಟವೇ ಬೀಳಲಿಲ್ಲ.

ಮೊದಲ ದಿನ ನಾನು ಬುತ್ತಿ, ದಿಂಬು, ಅಭ್ಯಾಸಬಲದಿಂದ ಟಿಕೆಟ್ ಪುಸ್ತಕ ಇಟ್ಟುಕೊಂಡು ಹೋಗಿ ಜಗಲಿಯ ಬೆಂಚಿನ ಮೇಲೆ ಕೂತೆ. ಸ್ವರ್ಗಕ್ಕೆ ಮೂರೇ ಗೇಣು ಅನ್ನಿಸಿತು. ಕಣ್ಣು ಮುಚ್ಚಿದ್ದೇ ತಡ, ಎದುರು ಮನೆಯ ಬಸಮ್ಮ ಬಟ್ಟಲು ಹಿಡಿದು ಬಂದಳು. "ಹೆಪ್ಪು ಕೊಡಪ್ಪ." ಇಡೀ ಬೀದಿ ಮೊಸರಿಗೆ ಹೆಪ್ಪು ತೆಗೆದುಕೊಂಡು ಹೋಗುತ್ತಿದ್ದದ್ದು ಈ ಮನೆಯಿಂದಲೇ. ಈಗ ಹದಿನೈದು ದಿನದಿಂದ ಬೀದಿಯಲ್ಲಿ ಯಾರ ಮನೆಯಲ್ಲೂ ಮೊಸರು ಸರಿಯಾಗಿ ಹೆಪ್ಪಾಗಿಲ್ಲ. "ನಾನು ಏನೂ ಮಾಡೋ ಹಾಗಿಲ್ಲಮ್ಮ" ಎಂದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೋದಳು. ಅವಳ ಹಿಂದೆಯೇ ಪಕ್ಕದ ಬೀದಿಯ ಬಾಣಂತಿ ಬಂದಳು, ಕೂಸಿಗೆ ಎಣ್ಣೆ ನೀರು ಹಾಕುವವರಿಲ್ಲ ಎಂದು. ಅವಳು ಹೋಗುವಷ್ಟರಲ್ಲಿ ಹಿತ್ತಲಿನ ನಲ್ಲಿ ಕೆಮ್ಮಿತು. ನಮ್ಮೂರ ನಲ್ಲಿಗೆ ಹೊತ್ತು ಗೊತ್ತಿಲ್ಲ, ಎರಡು ಸಲ ಕೆಮ್ಮಿ ಕಾಲು ಗಂಟೆ ನೀರು ಬಿಟ್ಟು ನಿಂತುಬಿಡುತ್ತದೆ. ಕೊಡ ಇಡುವವರಿಲ್ಲದೆ ನೀರೆಲ್ಲ ಚರಂಡಿಗೆ ಹರಿಯುವುದನ್ನು ನೋಡುತ್ತ ಕೂತೆ. ಕೈ ಕಟ್ಟಿ ಕೂರುವುದು ಇಷ್ಟು ಕಷ್ಟ ಎಂದು ಅವತ್ತೇ ನನಗೆ ಗೊತ್ತಾದದ್ದು.

ಕಂಪನಿಯ ಮೇಸ್ತ್ರಿ ದಿನಕ್ಕೆರಡು ಸಲ ಸೈಕಲ್ಲಿನಲ್ಲಿ ಬಂದು ನಾನು ಏನೂ ಮಾಡುತ್ತಿಲ್ಲ ತಾನೆ ಎಂದು ಪರೀಕ್ಷೆ ಮಾಡಿ ಹೋಗುತ್ತಿದ್ದ. ಬದಲಿಯವನು ಕೊಡ ಎತ್ತಿದರೆ ಸತ್ತಾಕೆ ಕೊಡ ಎತ್ತುತ್ತಿದ್ದರು ಎಂದು ಕಂಪನಿಯೇ ಒಪ್ಪಿದ ಹಾಗಾಗುತ್ತದಲ್ಲ, ಅದು ಅವರ ಭಯ. ಹಾಗಾಗಿ ನಾನು ಕೂತಲ್ಲೇ ಕೂತು, ಯಾರಾದರೂ ಪಂಕಜಾಕ್ಷಮ್ಮನವರನ್ನು ಹುಡುಕಿಕೊಂಡು ಬಂದರೆ ಒಂದು ಟಿಕೆಟ್ ಹರಿದು ಅದರ ಬೆನ್ನಿಗೆ ಏನಕ್ಕೆ ಬಂದರು ಎಂದು ಬರೆದಿಡತೊಡಗಿದೆ. ಕಂಡಕ್ಟರ್ ಟಿಕೆಟ್ ಹರಿಯುವುದು ಚಟ, ಕೆಲಸವಲ್ಲ. ಒಂದು ವಾರಕ್ಕೆ ಪುಸ್ತಕ ಖಾಲಿಯಾಯಿತು. ಹಬ್ಬದ ದಿನದ ಬಸ್ಸಿನಲ್ಲೂ ನಾನು ಅಷ್ಟು ಟಿಕೆಟ್ ಹರಿದವನಲ್ಲ.

ಎಲ್ಲಕ್ಕಿಂತ ಸಂಕಟವಾಗುತ್ತಿದ್ದದ್ದು ಮನೆಯೊಳಗಿನವರನ್ನು ನೋಡಿದಾಗ. ಗುರುಸಿದ್ದಪ್ಪನವರ ತಾಯಿ ನಿಂಗಜ್ಜಿಗೆ ಕಣ್ಣು ಮಂಜು. ಮಗ ಎಷ್ಟು ಗೋಗರೆದರೂ ಎರಡು ತುತ್ತಿಗಿಂತ ಹೆಚ್ಚು ಉಣ್ಣುತ್ತಿರಲಿಲ್ಲ. ಹತ್ತು ವರ್ಷದ ಮೊಮ್ಮಗಳು ಮಾಲಿನಿ ತಾನೇ ಹೆಣೆದುಕೊಂಡ ಜಡೆ ಸ್ಕೂಲು ಮುಟ್ಟುವ ಮೊದಲೇ ಬಿಚ್ಚಿಹೋಗಿ, ಅಲ್ಲಿ ಬೈಸಿಕೊಂಡು ಬರುತ್ತಿದ್ದಳು. ಬಂದವಳೇ ನನ್ನ ಪಕ್ಕ ಕೂತು ಕೇಳುತ್ತಿದ್ದಳು. "ಮಾಮ, ನೀವು ಅಮ್ಮನ ಬದಲಿ ಅಲ್ವಾ? ಮತ್ತೆ ಯಾಕೆ ಸುಮ್ನೆ ಕೂತಿದೀರ? ಅಮ್ಮ ಒಂದಿನಾನೂ ಹಿಂಗೆ ಕೂತಿರ್ಲಿಲ್ಲ." ಸಾವಿನಿಂದ ನಲವತ್ತೈದನೆಯ ದಿನ ಕಳೆದರೆ ಗುಮಾಸ್ತನ ಪುಸ್ತಕಕ್ಕೆ ಅರಗಿನ ಮುದ್ರೆ ಬೀಳುತ್ತದೆ, ಮತ್ತೆ ತಿದ್ದುವಂತಿಲ್ಲ. ಆಮೇಲೆ ಈ ಮಗುವಿಗೆ ಹದಿನೆಂಟು ತುಂಬುವವರೆಗೆ, ಇಡೀ ಎಂಟು ವರ್ಷ, ತಾಯಿಯ ಹೆಸರಿನಲ್ಲಿ ಸಿಗುವುದು ಬೆಂಚಿನ ಮೇಲೆ ಆಕಳಿಸುವ ಈ ಸಣ್ಣೀರಪ್ಪ ಮಾತ್ರ. ಹೆಸರಿನ ಮುಂದೆ "ಏನೂ ಇಲ್ಲ" ಎಂಬ ಬರಹವಂತೂ ಊರಿರುವ ತನಕ ಇರುತ್ತದೆ. ನನಗೆ ಮೊಟ್ಟಮೊದಲ ಬಾರಿಗೆ ಹಗಲಲ್ಲಿ ನಿದ್ದೆ ಬರುವುದು ನಿಂತುಹೋಯಿತು.

ಗುರುಸಿದ್ದಪ್ಪನವರಿಗೆ ಟಿಕೆಟ್ಟಿನ ಕಟ್ಟು ತೋರಿಸಿದರೆ ಅವರು ನಂಬಲಿಲ್ಲ. "ಹೋಗಯ್ಯ, ಇಷ್ಟೆಲ್ಲ ಮಾಡಿದ್ರೆ ನನ್ನ ಕಣ್ಣಿಗೆ ಬೀಳ್ತಿರ್ಲಿಲ್ವಾ? ನಾನು ಅಳತೆ ಮಾಡೋ ಮನುಷ್ಯ" ಎಂದರು. ಅವರ ಅಳತೆ ಇಂಚೂ ತಪ್ಪುವುದಿಲ್ಲ ಎಂದು ಊರಲ್ಲೆಲ್ಲ ಹೆಸರಿತ್ತು. ಆದರೆ ಮೂವತ್ತನೆಯ ದಿನ ಅವರು ಕಚೇರಿಯಿಂದ ಮುಖ ಸಣ್ಣಗೆ ಮಾಡಿಕೊಂಡು ಬಂದರು. ಅವರು ಹಾಕಿದ ಹೊಸ ನಕಾಶೆಯಲ್ಲಿ ಹನುಮಂತನ ಬಾವಿ ಅವನ ತಮ್ಮನ ಹೊಲಕ್ಕೆ ಸೇರಿಹೋಗಿತ್ತಂತೆ. ಬಾವಿ ಕಳೆದುಕೊಂಡವನು ಕೊಡಪಾನ ಹಿಡಿದು ಕಚೇರಿಗೇ ಬಂದು ಸ್ನಾನಕ್ಕೆ ನೀರು ಕೇಳಿದನಂತೆ. ಹೀಗೇಕಾಯಿತೆಂದು ಅವರು ತಮ್ಮ ಹಳೆಯ ಅಳತೆ ಪುಸ್ತಕಗಳನ್ನು ಜಗಲಿಯಲ್ಲಿ ಹರಡಿಕೊಂಡು ಕೂತರು. ಸ್ವಲ್ಪ ಹೊತ್ತಿಗೆ ಪುಟ ತಿರುವುವ ಸದ್ದು ನಿಂತಿತು.

"ಸಣ್ಣೀರಪ್ಪ, ಇಲ್ಲಿ ನೋಡು."

ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣ ಸಣ್ಣ ಅಕ್ಷರ. ಏಳರ ಜಾಗಕ್ಕೆ ಒಂದು. ಈ ಮರ ರಸ್ತೆಯ ಆಚೆಗೆ. ಈ ಬಾವಿ ಹನುಮಂತನದು, ಅವನ ತಮ್ಮನದಲ್ಲ. ಹನ್ನೆರಡು ವರ್ಷದ ಪುಸ್ತಕಗಳಲ್ಲಿ ಪಂಕಜಾಕ್ಷಮ್ಮನವರ ಪೆನ್ಸಿಲ್ ಆಡದ ಪುಟ ಒಂದೂ ಇರಲಿಲ್ಲ. ಬೆಳಿಗ್ಗೆ ಗಂಡನ ಚೀಲಕ್ಕೆ ಡಬ್ಬಿ ಇಡುವಾಗ ಪುಸ್ತಕ ತೆಗೆದು ತಿದ್ದಿ ಇಡುತ್ತಿದ್ದರು, ಇವರು ಅದನ್ನು ತಮ್ಮದೇ ಗುರುತೆಂದುಕೊಂಡು ನಕಾಶೆ ಹಾಕುತ್ತಿದ್ದರು. ಗುರುಸಿದ್ದಪ್ಪನವರು ಅತ್ತರು. ನಡುವೆಯೇ ನಕ್ಕರು. "ಒಂದು ಸಲ ಬಾಯಿ ಬಿಡ್ಲಿಲ್ಲ ಕಣಯ್ಯ, ಕಳ್ಳಿ!" ಎಂದು ಮೂಗು ಒರೆಸಿಕೊಂಡು, "ಎಲ್ಲಿ ತಾ ನಿನ್ನ ಟಿಕೆಟ್ಟು" ಎಂದರು.

ಬರಹ ತಿದ್ದಿಸುವುದು ಸುಲಭವಲ್ಲ. ಹಿಂದೊಮ್ಮೆ ಯಾರೋ ತನ್ನ ಸತ್ತ ಭಾವ ಹಗ್ಗದ ಮೇಲೆ ನಡೆಯುತ್ತಿದ್ದ ಎಂದು ಸುಳ್ಳು ಬರೆಸಿ, ಪಾಪದ ಬದಲಿಯವನು ಆರು ತಿಂಗಳು ಹಗ್ಗ ಹತ್ತಿ ಬಿದ್ದ ಮೇಲೆ ಒಂದು ಕಟ್ಟಳೆ ಬಂದಿದೆ. ತಿದ್ದಿಸುವವರು ಪ್ರತಿ ಕೆಲಸವನ್ನೂ ನ್ಯಾಯಾಧೀಶರೆದುರು ತಮ್ಮ ಕೈಯಾರೆ ಮಾಡಿ ತೋರಿಸಬೇಕು. ಮಾಡಲು ಬಾರದ್ದನ್ನು ಬರೆಯುವುದಿಲ್ಲ. ಉಳಿದದ್ದು ಹದಿನೈದು ದಿನ.

ಆ ಹದಿನೈದು ದಿನದಂಥ ಹದಿನೈದು ದಿನ ಆ ಬೀದಿ ಕಂಡಿರಲಿಲ್ಲ. ಗುರುಸಿದ್ದಪ್ಪನವರು ಕಚೇರಿಗೆ ರಜೆ ಹಾಕಿ ಪಂಚೆ ಎತ್ತಿ ಕಟ್ಟಿದರು. ಬಸಮ್ಮ ಹೆಪ್ಪು ಹಾಕಲು ಕಲಿಸಿದಳು. ಹಾಲು ಎಷ್ಟು ಬೆಚ್ಚಗಿರಬೇಕೆಂದು ಇವರು ಅಳತೆ ಕೇಳಿದರೆ, "ಬೆರಳು ಇಟ್ಟು ನೋಡಿ ಸಾರ್, ಬೆರಳೇ ಹೇಳ್ತದೆ" ಎಂದಳು. ಜಡೆ ಹೆಣೆಯುವುದನ್ನು ಸರ್ವೆ ಚೈನಿನ ಮೇಲೆ ಅಭ್ಯಾಸ ಮಾಡಿದರು. ಕೂಸಿಗೆ ನೀರು ಹಾಕುವುದನ್ನು ಬೂದುಗುಂಬಳಕಾಯಿ ಮೇಲೆ ಕಲಿತರು. ಮೂರು ಕುಂಬಳಕಾಯಿ ಅವರ ಕೈಯಿಂದ ಜಾರಿ ಹೋದವು, ನಾಲ್ಕನೆಯದು ಎಣ್ಣೆ ಸವರಿಸಿಕೊಂಡು ಮಿಂದು ಬಟ್ಟೆ ಸುತ್ತಿಸಿಕೊಂಡು ಸುಖವಾಗಿ ಮಲಗಿತು. ಮಾಲಿನಿ ಅದಕ್ಕೆ ಹೆಸರಿಟ್ಟಳು. ನಾನು ಬೆಂಚಿನ ಮೇಲೆ ಕೈ ಕಟ್ಟಿ ಕೂತೇ, ಬಾಯಲ್ಲಿ ಮಾತ್ರ "ಎಡಕ್ಕೆ, ಎಡಕ್ಕೆ, ಕತ್ತು ಹಿಡೀರಿ ಸ್ವಾಮಿ!" ಎಂದು ಕೂಗುತ್ತಿದ್ದೆ. ಮೇಸ್ತ್ರಿ ಬಂದಾಗ ಕಣ್ಣು ಮುಚ್ಚಿ ಗೊರಕೆ ಹೊಡೆಯುತ್ತಿದ್ದೆ. ಜನ್ಮದಲ್ಲಿ ಮೊದಲ ಸಲ ನನ್ನ ಗೊರಕೆ ನಾಟಕವಾಗಿತ್ತು.

ನಲವತ್ತೈದನೆಯ ದಿನ ನ್ಯಾಯಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುರುಸಿದ್ದಪ್ಪನವರು ಒಲೆ, ಬಾನಿ, ತಾಯಿ, ಮಗಳು, ಬಾಣಂತಿ, ಕೂಸು ಎಲ್ಲವನ್ನೂ ಎರಡು ಎತ್ತಿನ ಗಾಡಿಯಲ್ಲಿ ತಂದಿದ್ದರು. ನ್ಯಾಯಾಧೀಶ ವೆಂಕೋಬರಾಯರು ಕನ್ನಡಕ ಏರಿಸಿ, "ಶುರು ಮಾಡಿ" ಎಂದರು. ಒಂದೊಂದೇ ಕೆಲಸ ನಡೆಯಿತು. ಮಾಲಿನಿಯ ಎರಡು ಜಡೆ ನೇರವಾಗಿ ಬಿದ್ದಾಗ ಹೆಂಗಸರ ಕಡೆಯಿಂದ ಶಿಳ್ಳೆ ಬಂತು. ಕೂಸು ನೀರು ಹಾಕಿಸಿಕೊಂಡು ಗುಮಾಸ್ತನ ಕೋಟಿನ ಮೇಲೆಯೇ ನಿದ್ದೆ ಹೋಯಿತು. ಹದಿನೆಂಟು ಕೆಲಸ ಮುಗಿದು ಹತ್ತೊಂಬತ್ತನೆಯದಾಗಿ ನಿಂಗಜ್ಜಿಯ ಊಟಕ್ಕೆ ಬಂದಾಗ, ಅಷ್ಟು ಹೊತ್ತೂ ಬೆವರು ಒರೆಸಿಕೊಳ್ಳುತ್ತಿದ್ದ ಕಂಪನಿಯ ವಕೀಲ ಪದ್ಮರಾಜಯ್ಯ ಎದ್ದು ನಿಂತರು.

"ಮಹಾಸ್ವಾಮಿ, ಅತ್ತೆಗೆ ಉಣ್ಣಿಸೋದು ಕೆಲಸ ಅಲ್ಲ. ಇದೆಲ್ಲ ಪ್ರೀತಿಯಿಂದ ಮಾಡೋದು. ಪ್ರೀತಿಗೆ ಬದಲಿ ಕೊಡೋ ಕಾನೂನಿಲ್ಲ."

ಈ ಒಂದು ಮಾತು ನಿಂತರೆ ಹಿಂದಿನ ಹದಿನೆಂಟೂ ನೀರು ಪಾಲು. ಗುರುಸಿದ್ದಪ್ಪನವರು ಶಾಂತವಾಗಿಯೇ ಹೇಳಿದರು. "ಆಗ್ಲಿ ವಕೀಲರೇ. ನೀವು ಪ್ರೀತಿ ಮಾಡೋದೇನೂ ಬೇಡ. ಬರೀ ಉಣ್ಣಿಸಿ ತೋರಿಸಿ ಸಾಕು."

ನ್ಯಾಯಾಧೀಶರು ಮೀಸೆಯಲ್ಲೇ ನಕ್ಕು ತಟ್ಟೆ ವಕೀಲರ ಕೈಗೆ ಕೊಡಿಸಿದರು. ವಕೀಲರು ಕರಿ ಕೋಟಿನ ತೋಳು ಮಡಚಿ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, "ಅಜ್ಜೀ, ಆ..." ಎಂದರು. ನಿಂಗಜ್ಜಿ ತುಟಿ ಬಿಗಿದಳು. ವಕೀಲರು ಗದರಿದರು, ಗೋಗರೆದರು, ಕೊನೆಗೆ ಕಾನೂನಿನ ಕಲಮು ಹೇಳಿದರು. ಅಜ್ಜಿ ಮುಖ ಆ ಕಡೆ ತಿರುಗಿಸಿ ಕೂತಳು. ಸಾರು ವಕೀಲರ ಮೊಣಕೈಗೆ ಇಳಿಯಿತು. ಆಗ ಗುರುಸಿದ್ದಪ್ಪನವರು ತಟ್ಟೆ ತೆಗೆದುಕೊಂಡು, ಅಜ್ಜಿಯ ಕಿವಿಯ ಹತ್ತಿರ ಏನೋ ಗುಟ್ಟು ಹೇಳುವವರ ಹಾಗೆ ಬಾಗಿ, ಎಲ್ಲರಿಗೂ ಕೇಳುವಂತೆ ಹೇಳಿದರು. "ಅವ್ವಾ, ಎದುರು ಮನೆ ಬಸಮ್ಮ ಇವತ್ತು ಒಂದೂವರೆ ಮುದ್ದೆ ಉಂಡ್ಲಂತೆ."

"ಯಾರು, ಅವಳಾ?" ಅಜ್ಜಿಯ ಮಂಜು ಕಣ್ಣು ಅರಳಿತು. "ಆ ಒಣಕಡ್ಡಿ ಒಂದೂವರೆ ಉಂಡ್ಲಾ? ನನಗೆ ಎರಡು ಹಾಕು!"

ಕಚೇರಿಯ ಹೆಂಚು ಹಾರುವಂತೆ ಜನ ನಕ್ಕರು. ಬಸಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಂಕಜಾಕ್ಷಮ್ಮ ದಿನಕ್ಕೆ ಎರಡು ಸಲ, ಪ್ರತಿ ಸಲ ಹೊಸದಾಗಿ ಕಟ್ಟುತ್ತಿದ್ದ ಸುಳ್ಳು ಅದು. ಮಾಲಿನಿ ಅಪ್ಪನಿಗೆ ಹೇಳಿಕೊಟ್ಟಿದ್ದಳು. ನ್ಯಾಯಾಧೀಶರು ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದರು.

"ನೀನು ಕಂಪನಿ ಕಳಿಸಿದ ಬದಲಿ ಅಲ್ವೇನಯ್ಯ? ಮೂವತ್ತು ದಿನ ಆ ಮನೆಯಲ್ಲಿದ್ದೀಯ. ನೀನೇನು ಹೇಳ್ತೀಯ?"

ಸಾಹುಕಾರರು ನನ್ನನ್ನು ನುಂಗುವಂತೆ ನೋಡುತ್ತಿದ್ದರು. ಆದರೂ ಹೇಳಿದೆ. "ಬುದ್ಧೀ, ಏನೂ ಮಾಡ್ದೆ ಇರೋದ್ರಲ್ಲಿ ನನ್ನದು ಎತ್ತಿದ ಕೈ. ಇಪ್ಪತ್ತು ವರ್ಷದ ಅನುಭವ. ಆ ಅನುಭವದ ಮೇಲೆ ಹೇಳ್ತೀನಿ, ಆ ಮನೇಲಿ ಏನೂ ಮಾಡ್ದೆ ಇರೋಕೆ ಯಾರ ಕೈಲೂ ಆಗಲ್ಲ. ನನ್ನ ಕೈಲೇ ಆಗ್ಲಿಲ್ಲ."

ಗುಮಾಸ್ತ "ಏನೂ ಇಲ್ಲ" ಎಂಬುದರ ಮೇಲೆ ಗೆರೆ ಎಳೆದು ಹತ್ತೊಂಬತ್ತು ಸಾಲು ಬರೆದ. ಕಾಲಮ್ಮು ಸಾಲದೆ ಅಂಚಿಗೆ ಹೋದ. ಹತ್ತೊಂಬತ್ತು ಬದಲಿ ಎಂದು ತೀರ್ಪಾಯಿತು. ಸಾಹುಕಾರರು ತಲೆ ಮೇಲೆ ಕೈ ಹೊತ್ತರು. "ಅನ್ಯಾಯ ಬುದ್ಧೀ! ಒಬ್ಬ ಹೆಂಗಸಿಗೆ ಹತ್ತೊಂಬತ್ತು ಜನ ಕೊಟ್ರೆ ನನ್ನ ಬಸ್ಸು ಓಡಿಸೋರು ಯಾರು? ಒಬ್ಬರನ್ನ ಕಳಿಸ್ತೀನಿ."

"ಹತ್ತೊಂಬತ್ತೂ ಬಲ್ಲ ಒಬ್ಬರಿದ್ದರೆ ಧಾರಾಳವಾಗಿ ಕಳಿಸಿ" ಎಂದರು ನ್ಯಾಯಾಧೀಶರು.

ಸಾಹುಕಾರರು ತಮ್ಮ ಡ್ರೈವರುಗಳ ಕಡೆ ನೋಡಿದರು, ವಕೀಲರ ಕಡೆ ನೋಡಿದರು, ಕೊನೆಗೆ ಗುರುಸಿದ್ದಪ್ಪನವರ ಕಡೆ ತಿರುಗಿ ಕೈ ಮುಗಿದರು. "ನೀವೇ ಹೇಳಿ ಸ್ವಾಮಿ. ಅಂಥವರು ಈ ಊರಲ್ಲಿ ಯಾರಿದಾರೆ? ಎಲ್ಲಿದ್ರೂ ಕರ್ಕೊಂಡು ಬರ್ತೀನಿ."

"ಇದ್ಲು" ಎಂದರು ಗುರುಸಿದ್ದಪ್ಪನವರು. "ನಿಮ್ಮ ಬಸ್ಸಿಗೆ ಸಿಕ್ಲು."

ಆ ಮಾತಿಗೆ ಇಡೀ ಕಚೇರಿ ತಲೆ ತಗ್ಗಿಸಿತು. ಸಾಹುಕಾರರೂ ತಗ್ಗಿಸಿದರು. ಮತ್ತೆ ಅವರು ಚೌಕಾಸಿ ಮಾಡಲಿಲ್ಲ, ಹತ್ತೊಂಬತ್ತು ಹೆಸರನ್ನು ಅಲ್ಲೇ ಬರೆಸಿದರು. ಅಷ್ಟರಲ್ಲಿ ನಿಂಗಜ್ಜಿಯೇ ತಟ್ಟೆ ತಡವಿ, "ಎರಡನೇ ಮುದ್ದೆ ಎಲ್ಲೋ?" ಎಂದು ಕೂಗಿ ನಮ್ಮನ್ನೆಲ್ಲ ಉಳಿಸಿದಳು. ಮಾರನೆಯ ದಿನ ಗುಮಾಸ್ತನ ಬಾಗಿಲಲ್ಲಿ ಊರಿನ ಗಂಡಸರ ಸಾಲು ನಿಂತಿತ್ತು. ಹೆಂಡಂದಿರು ಗಟ್ಟಿಮುಟ್ಟಾಗಿ ಬದುಕಿರುವಾಗಲೇ ಅವರ ಕೆಲಸ ಬರೆಸಿಡಬೇಕಂತೆ. ಹೆಂಡಂದಿರು ಪಕ್ಕದಲ್ಲೇ ನಿಂತು, "ಅದು ಬಿಟ್ರಿ, ಇದು ಬಿಟ್ರಿ" ಎಂದು ಹೇಳಿಕೊಡುತ್ತಿದ್ದರು. ಮಧ್ಯಾಹ್ನಕ್ಕೆ ಶಾಯಿ ಮುಗಿಯಿತು.

ನಾವು ಹತ್ತೊಂಬತ್ತು ಜನ ಅದೇ ದಿನ ಬೆಳಿಗ್ಗೆ ಆರಕ್ಕೆ ಸಾಲಾಗಿ ಆ ಮನೆಗೆ ಹೋದೆವು. ಡ್ರೈವರುಗಳು, ಮೆಕ್ಯಾನಿಕ್ಕುಗಳು, ಸೈಕಲ್ಲಿನ ಮೇಸ್ತ್ರಿ, ಕೊನೆಯಲ್ಲಿ ನಾನು. ಸಾಹುಕಾರರು ನನ್ನನ್ನು ನಲ್ಲಿಗೆ ಹಾಕಿದ್ದರು, ಕೆಮ್ಮು ಕೇಳಬೇಕಾದರೆ ನಾನು ಎಚ್ಚರವಿರಲೇಬೇಕಲ್ಲ, ಅದೇ ಶಿಕ್ಷೆ. ಬೆಳಗಿನಿಂದ ಒಬ್ಬರ ಕಾಲು ಒಬ್ಬರು ತುಳಿಯುತ್ತ, ಒಬ್ಬ ಗುಡಿಸಿದಲ್ಲಿ ಇನ್ನೊಬ್ಬ ಹಿಟ್ಟು ಚೆಲ್ಲುತ್ತ, ಮೆಕ್ಯಾನಿಕ್ಕು ರೊಟ್ಟಿಯನ್ನು ಸ್ಪ್ಯಾನರಿನಿಂದ ಮಗುಚಲು ಹೋಗಿ ಅಜ್ಜಿಯ ಕೈಲಿ ಬೈಸಿಕೊಳ್ಳುತ್ತ, ಮನೆಯಲ್ಲಿ ಸಂತೆಯೇ ನೆರೆದಂತಿತ್ತು. ಬೀದಿಗೆಲ್ಲ ಹೆಪ್ಪು ಹೋಯಿತು. ಹೊಸ ನಕಾಶೆಯಲ್ಲಿ ಬಾವಿ ಹನುಮಂತನಿಗೆ ವಾಪಸ್ಸು ಬಂತು. ಸೂರ್ಯ ಇಳಿಯುವ ಹೊತ್ತಿಗೆ ಹತ್ತೊಂಬತ್ತೂ ಜನ ಜಗಲಿಯ ಉದ್ದಕ್ಕೂ ಉಸ್ಸಪ್ಪಾ ಎಂದು ಒರಗಿದೆವು. ಮೈಯ ಒಂದೊಂದು ಮೂಳೆಯೂ ತನ್ನ ಹೆಸರು ಹೇಳುತ್ತಿತ್ತು. ನಾನಂತೂ ಇಷ್ಟು ದಣಿದದ್ದೇ ಇಲ್ಲ, ಇಷ್ಟು ಖುಷಿಯಾಗಿದ್ದದ್ದೂ ಇಲ್ಲ.

ಮಾಲಿನಿ ನೆಟ್ಟಗಿನ ಎರಡು ಜಡೆ ಹಾರಿಸುತ್ತ ಬಂದು ನಮ್ಮೆದುರು ನಿಂತು, ಸೊಂಟಕ್ಕೆ ಕೈಯಿಟ್ಟು, ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಏನವ್ವಾ, ಎಲ್ಲ ಸರಿಯಾಯ್ತಾ?" ಎಂದು ಮೇಸ್ತ್ರಿ ಕೇಳಿದ.

"ಹೂಂ" ಎಂದಳು ಅವಳು. "ಅಮ್ಮ ಈ ಹೊತ್ತಿಗೆ ರಾತ್ರಿ ಅಡಿಗೆಗೆ ಏಳ್ತಿದ್ಲು."

ಹತ್ತೊಂಬತ್ತು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಒಳಗಿನಿಂದ ಗುರುಸಿದ್ದಪ್ಪನವರ ನಗು ಕೇಳಿಸಿತು, ಆಮೇಲೆ ಒಲೆ ಊದುವ ಸದ್ದು. ನಾನೇ ಮೊದಲು ಎದ್ದೆ.